ಸರದಿಯ ನೀರು

ನಮ್ಮ ಬಾವಿಗೆ ಇಬ್ಬರು ಒಡೆಯರು. ಒಂದು ದಿನ ನನ್ನ ಗಂಡ ನೀರು ಹಾಯಿಸಿದರೆ ಮರುದಿನ ಅವರ ಅಣ್ಣನ ಸರದಿ. ಮಾವ ಸಾಯುವ ಮೊದಲು ಹೊಲವನ್ನು ಎರಡು ಮಾಡಿದ್ದರು, ಮನೆಯ ನಡುವೆ ಗೋಡೆ ಎಬ್ಬಿಸಿದ್ದರು. ಬಾವಿಯನ್ನು ಪಾಲು ಮಾಡಲಾಗದ್ದರಿಂದ ಅದಕ್ಕೆ ಸರದಿ ಕಟ್ಟಿ ಹೋಗಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಕುನ್ನತ್ತೂರು ದಾಟಿ ತಿರುಪ್ಪೂರಿನ ಕಡೆ ಬರುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗಿದ್ದ ತೋಟ. ನಮ್ಮ ಹಿರಿಯರು ಯಾವ ಕಾಲದಲ್ಲಿ ಅಲ್ಲಿಗೆ ಬಂದರೋ ಯಾರಿಗೂ ಗೊತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನೀರಿಗೆ ಮಾತ್ರ ಒಳಗೂ ಹೊರಗೂ ತಣ್ಣಿ ಎಂದೇ ಅನ್ನುತ್ತಿದ್ದೆವು. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ಬಹಳ ತಡವಾಗಿ, ಮಗಳನ್ನು ಚಾಮರಾಜನಗರದ ಕಡೆ ಕೊಟ್ಟ ಮೇಲೆ, ಮೊಮ್ಮಗಳ ಪಕ್ಕದಲ್ಲಿ ಕೂತು.

ಗೋಡೆಯ ಆ ಕಡೆ ಬಾವ ಮತ್ತು ಅವರ ಹೆಂಡತಿ ಇದ್ದರು. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರಿಗೆ ಮಕ್ಕಳಾಗಿರಲಿಲ್ಲ. ಈ ಕಡೆ ನಾನು, ನನ್ನ ಗಂಡ, ಅತ್ತೆ. ಹಿತ್ತಲಲ್ಲಿ ಗೋಡೆ ಎದೆಯೆತ್ತರಕ್ಕೆ ನಿಂತುಹೋಗಿತ್ತು. ಅದರ ಮೇಲಿಂದ ಅಕ್ಕ ನನಗೆ ಸಾರು ಕೊಡುವಳು, ನಾನು ಅವಳಿಗೆ ಒಲೆಯ ಕೆಂಡ ಕೊಡುವೆ. ನನ್ನ ತಲೆಯ ಹೇನು ತೆಗೆದವಳು ಅವಳು. ಮದುವೆಯಾದ ಹೊಸತರಲ್ಲಿ ತವರು ನೆನಪಾಗಿ ಅತ್ತರೆ, "ಅಳು ಅಮ್ಮಿ, ಅತ್ರೆ ಹಸಿವಾಯ್ತದೆ, ಆಮೇಲ್ ಉಣ್ತೀಯ" ಎನ್ನುವಳು.

ಒಂದು ವರ್ಷ ಚಿಕ್ಕ ಈರುಳ್ಳಿ ಚೆನ್ನಾಗಿ ಬಂತು. ನಮಗೆ ಬಂದಂತೆ ಸುತ್ತಲಿನ ಎಲ್ಲರಿಗೂ ಬಂತು. ಅಣ್ಣತಮ್ಮ ಇಬ್ಬರೂ ಒಂದೇ ಗಾಡಿಯಲ್ಲಿ ಮೂಟೆ ಹೇರಿಕೊಂಡು ಸಂತೆಗೆ ಹೋದವರು ಸಂಜೆ ಅದೇ ಮೂಟೆಗಳೊಂದಿಗೆ ವಾಪಸು ಬಂದರು. ಕೇಳುವವರೇ ಇರಲಿಲ್ಲವಂತೆ. ಬಾವ ತಮ್ಮ ಪಾಲಿನ ಮೂಟೆಗಳನ್ನು ಬಿಚ್ಚಿ ತಿಪ್ಪೆಗೆ ಸುರಿದರು. ಎಮ್ಮೆಗಳು ಅದನ್ನೇ ತಿಂದವು. ಎಷ್ಟೋ ದಿನ ಹಾಲು, ಮಜ್ಜಿಗೆ ಎಲ್ಲದಕ್ಕೂ ಈರುಳ್ಳಿಯ ವಾಸನೆ. ಆ ಮಜ್ಜಿಗೆಯನ್ನು ಸಜ್ಜೆಯ ಅಂಬಲಿಗೆ ಬೆರೆಸಿ ಕುಡಿಯುವಾಗ ಬಾವನ ಮುಖ ನೋಡಲಾಗುತ್ತಿರಲಿಲ್ಲ ಎಂದು ಅಕ್ಕ ಹೇಳಿದಳು.

ಅದಾದ ಮೇಲೆ ನೀರಿನ ಲಾರಿ ಬಂತು.

ತಿರುಪ್ಪೂರು ಆಗ ಬನಿಯನ್ ಕೆಲಸದಿಂದ ಉಬ್ಬುತ್ತಿತ್ತು. ಹೊರದೇಶಕ್ಕೆ ಬಣ್ಣದ ಬನಿಯನ್ನು ಕಳಿಸುತ್ತಾರೆ, ಆಳು ಸಾಲುವುದಿಲ್ಲ, ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ ಎಂದು ಹೋಗಿ ಬಂದವರು ಹೇಳುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವ ಸಾಯಪಟ್ಟರೆಗಳಿಗೆ ಸಿಹಿನೀರು ಬೇಕು, ಸವಳು ನೀರಿನಲ್ಲಿ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಸುತ್ತಲಿನ ಬಾವಿಗಳೆಲ್ಲ ಸವಳು, ನಮ್ಮದೊಂದು ಸಿಹಿ. ಲಾರಿಯವನು ಬಂದು ಅಂಗೈಯಲ್ಲಿ ನೀರು ಹಿಡಿದು ಕುಡಿದು, ಬಾಯಿ ಮುಕ್ಕಳಿಸಿ ಉಗಿದು, ಬಾವನ ಜೊತೆ ಮಾತಾಡಿ ಹೋದ.

ಮೊದಮೊದಲು ಜಗಳವೇನೂ ಇರಲಿಲ್ಲ. ಬಾವ ತಮ್ಮ ಸರದಿಯ ದಿನ ಲಾರಿಗೆ ನೀರು ತುಂಬಿಸುತ್ತಿದ್ದರು. ನನ್ನ ಗಂಡ ಕೂಡ ಹೋಗಿ ಹೋಸು ಹಿಡಿದುಕೊಳ್ಳುತ್ತಿದ್ದರು. ಗೋಡೆಯ ಆ ಕಡೆ ದಿನಾ ಅನ್ನ ಬೇಯುತ್ತಿತ್ತು. ಅಕ್ಕ ಒಂದು ತಟ್ಟೆ ಈ ಕಡೆಗೂ ಕೊಡುತ್ತಿದ್ದಳು. ಆಮೇಲೆ ಎರಡು ಲಾರಿ ಬರತೊಡಗಿದವು. ಬಾವ ದೊಡ್ಡ ಮೋಟರು ಇಳಿಸಿದರು, ಬಾವಿಯ ತಳದ ಬಂಡೆಗೆ ಅಡ್ಡಡ್ಡವಾಗಿ ಬೋರು ಕೊರೆಸಿದರು. ಅವರ ದಿನ ಮುಗಿಯುವಷ್ಟರಲ್ಲಿ ಬಾವಿಯ ತಳ ಕಾಣುತ್ತಿತ್ತು. ಮರುದಿನ ನಮ್ಮ ಮೋಟರು ಹಾಕಿದರೆ ಸ್ವಲ್ಪ ಹೊತ್ತು ನೀರು, ಆಮೇಲೆ ಕೆಸರು, ಆಮೇಲೆ ಬರೀ ಗಾಳಿಯ ಸದ್ದು.

ನನ್ನ ಗಂಡ ಬಾವಿಕಟ್ಟೆಯ ಮೇಲೆ ನಿಂತು ಕೇಳಿದರು. "ಅಣ್ಣಾ, ನನ್ ಸರದೀಲಿ ಕೆಸ್ರು ಬತ್ತೈತೆ."

"ನಿನ್ ದಿನ ನೀನ್ ಎತ್ಕೋ, ನನ್ ದಿನ ನಾನ್ ಎತ್ಕೋತೀನಿ. ಅಪ್ಪ ಹಂಗೇ ತಾನೆ ಹೇಳಿದ್ದು?"

"ಅಪ್ಪ ಹೇಳಿದ್ದು ಬೆಳೆಗೆ. ಲಾರಿಗಲ್ಲ."

"ಬೆಳೆ ಬೆಳ್ದು ಏನ್ ಕಂಡೆ? ತಿಪ್ಪೇಗ್ ಸುರ್ದೆ. ನೀನೂ ತಣ್ಣಿ ಮಾರು. ಬೇಡ ಅಂದೋರ್ ಯಾರು?"

ನನ್ನ ಗಂಡ ಆಗಲೇ ಈರುಳ್ಳಿ ನಾಟಿ ಮಾಡಿಸಿದ್ದರು. ಅದನ್ನು ಒಣಗಲು ಬಿಟ್ಟು ನೀರು ಮಾರಲು ಅವರಿಗೆ ಮನಸ್ಸಾಗಲಿಲ್ಲ. ಸಿಟ್ಟಿನಿಂದ ಮನೆಗೆ ಬಂದು ಉಣ್ಣುವ ತಟ್ಟೆಯನ್ನು ಗೋಡೆಗೆ ಎಸೆದರು. ಆ ಮನೆಯಲ್ಲಿ ನಾನು ಕಂಡ ಮೊದಲ ಸಿಟ್ಟು ಅದು.

ಒಂದು ಬೆಳಿಗ್ಗೆ, ನಮ್ಮ ಸರದಿಯ ದಿನ, ನನ್ನ ಗಂಡ ಗೊಬ್ಬರ ತರಲು ಪೇಟೆಗೆ ಹೋಗಿದ್ದರು. ಲಾರಿಯ ಸದ್ದು ಕೇಳಿ ನಾನು ಹೋಗಿ ನೋಡಿದೆ. ಹೋಸು ಬಾವನ ಮೋಟರಿಗೆ ಸಿಕ್ಕಿಸಿಯಾಗಿತ್ತು, ಲಾರಿ ತುಂಬುತ್ತಿತ್ತು. ಅಕ್ಕ ಮೋಟರು ಮನೆಯ ಬಾಗಿಲಲ್ಲಿ ಕೂತಿದ್ದಳು.

"ಅಕ್ಕಾ, ಇವತ್ತು ನಮ್ ದಿನ."

"ಗೊತ್ತು ಅಮ್ಮಿ. ಅವ್ರು ಹಾಕು ಅಂದ್ರು, ಹಾಕಿದೆ. ನಿಮ್ ಬಾವ ಬಂದ್ಮೇಲೆ ಕೇಳು."

"ಅಷ್ಟೊತ್ತಿಗೆ ಬಾವಿ ಬತ್ತೋಗ್ತದೆ."

ಅವಳು ಮುಖ ತಿರುಗಿಸಿದಳು. ನಾನು ಹೋಗಿ ಹೋಸು ಎಳೆದೆ. ಅದು ಕಳಚಿಕೊಂಡು ಹಾವಿನಂತೆ ಎದ್ದು ನೀರು ಎಲ್ಲ ಕಡೆ ಚಿಮ್ಮಿತು. ಅಕ್ಕ ಓಡಿಬಂದು ನನ್ನ ಜಡೆ ಹಿಡಿದಳು. ನಾನು ಅವಳ ಸೀರೆ ಹಿಡಿದೆ. ಇಬ್ಬರೂ ಕೆಸರಿಗೆ ಬಿದ್ದೆವು. ಹೇನು ತೆಗೆದ ಆ ಬೆರಳುಗಳೇ ನನ್ನ ಕಿವಿಯ ಓಲೆಗೆ ಸಿಕ್ಕಿಕೊಂಡವು. ಅವಳು ಬೇಕೆಂದೇ ಎಳೆದಳೋ ಕೈ ಬಿಡಿಸಿಕೊಳ್ಳಲು ಎಳೆದಳೋ ನನಗೆ ಇವತ್ತಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಕಿವಿ ಹರಿದು ಎರಡಾಯಿತು. ನನ್ನ ಕೈಯಲ್ಲಿ ಹೋಸಿನ ತುದಿಯ ಕಬ್ಬಿಣದ ಬಳೆ ಇತ್ತು. ಅದರಿಂದ ಅವಳ ಬಾಯಿಗೆ ಹೊಡೆದೆ. ಹಲ್ಲು ಮುರಿದ ಸದ್ದು ಕೇಳಿಸಿತು. ಆದರೂ ನಾವು ನಿಲ್ಲಿಸಲಿಲ್ಲ. ಅವಳು ನನ್ನ ತೋಳು ಕಚ್ಚಿದಳು, ನಾನು ಅವಳ ಹೊಟ್ಟೆಗೆ ಮೊಣಕಾಲು ಇಟ್ಟು ತಳ್ಳಿದೆ.

ಲಾರಿಯ ಡ್ರೈವರ್ ಬಂದು ನಮ್ಮಿಬ್ಬರನ್ನೂ ಬಿಡಿಸಿದ. ಅವನು ವಯಸ್ಸಾದ ಮನುಷ್ಯ. "ತಳ್ಳಿ ನಿಲ್ಲುಂಗ ಅಮ್ಮಣಿ" ಎಂದು ನನ್ನನ್ನು ದೂರ ನಿಲ್ಲಿಸಿ, ಹೋಸನ್ನು ಮತ್ತೆ ಸಿಕ್ಕಿಸಿ, ಅರ್ಧ ತುಂಬಿದ್ದ ಟ್ಯಾಂಕನ್ನು ಪೂರ್ತಿ ತುಂಬಿಸತೊಡಗಿದ. ಅವನಿಗೆ ಅದು ಕೆಲಸ. ನಾವಿಬ್ಬರೂ ರಕ್ತ ಸುರಿಸುತ್ತ ಅದನ್ನು ನೋಡುತ್ತ ಕೂತೆವು.

ಅಷ್ಟರಲ್ಲಿ ನನ್ನ ಗಂಡ ಗೊಬ್ಬರದ ಚೀಲ ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ನನ್ನ ಕಿವಿ ನೋಡಿದರು, ಹೋಸು ನೋಡಿದರು. ಸೈಕಲ್ಲು ಅಲ್ಲೇ ಬಿತ್ತು. ಬದುವಿನ ಮೇಲಿದ್ದ ಸನಿಕೆ ತೆಗೆದುಕೊಂಡು ಹೋಸಿನ ಮೇಲೆ ಹೊಡೆಯತೊಡಗಿದರು. ಹೋಸು ಅಲ್ಲಲ್ಲಿ ಸೀಳಿತು. ಬಾವ ಮನೆಯ ಕಡೆಯಿಂದ ಓಡಿ ಬಂದರು, ಅವರ ಕೈಯಲ್ಲೂ ಸನಿಕೆ ಇತ್ತು. ಹಿಂದೆಯೇ ಅತ್ತೆ.

"ಹೋಸ್ ಬಿಡ್ಲೇ."

"ಬಿಡಲ್ಲ. ಬಾವಿಗೇ ಇಳೀತೀನಿ, ನಿನ್ ಮೋಟ್ರನ್ನೂ ಒಡೀತೀನಿ."

ಬಾವ ತಮ್ಮನನ್ನು ಎದೆಗೆ ತಳ್ಳಿದರು. ನನ್ನ ಗಂಡ ಸನಿಕೆಯ ಕಾವಿನಿಂದ ಅಣ್ಣನ ಹೆಗಲಿಗೆ ಬಾರಿಸಿದರು. ಅತ್ತೆ ನಡುವೆ ನುಗ್ಗಿದರು. ಯಾರ ಕೈ ತಾಗಿತೋ, ಅವರು ಹಾರಿ ಮೋಟರು ಮನೆಯ ಗೋಡೆಗೆ ಬಡಿದು ಕುಸಿದರು. ತಾಯಿ ಬಿದ್ದದ್ದನ್ನು ಇಬ್ಬರೂ ನೋಡಲಿಲ್ಲ. ಬಾವ ಸನಿಕೆ ಎತ್ತಿದರು. ನನ್ನ ಗಂಡ ತಲೆ ಕಾಯಲು ಬಲಗೈ ಅಡ್ಡ ಹಿಡಿದರು. ಸನಿಕೆಯ ಅಲಗು ಮೊಣಕೈ ಕೆಳಗೆ ಇಳಿಯಿತು. ಹಸಿ ಬಾಳೆದಿಂಡು ಕಡಿದಾಗ ಬರುವ ಸದ್ದು. ಮೋಟರು ಓಡುತ್ತಲೇ ಇತ್ತು.

ಮೊದಲು ಅರಚಿದವರು ಬಾವ. ಸನಿಕೆ ಬಿಸಾಕಿ, ತಲೆಗೆ ಸುತ್ತಿದ್ದ ಟವಲು ಬಿಚ್ಚಿ ತಮ್ಮನ ಕೈಗೆ ಕಟ್ಟಿದರು. ಬಸ್ಸಿಗೆ ಕಾಯುವಂತಿರಲಿಲ್ಲ. ಡ್ರೈವರ್ ಲಾರಿಯ ಬಾಗಿಲು ತೆಗೆದ. ನನ್ನ ಗಂಡನನ್ನು ನಡುವೆ ಕೂರಿಸಿಕೊಂಡು ಬಾವ ಒಂದು ಕಡೆ, ನಾನು ಒಂದು ಕಡೆ. ನೀರು ಇಳಿಸಿ ಹೋಗಲು ಸಮಯವಿರಲಿಲ್ಲ. ಮುಕ್ಕಾಲು ತುಂಬಿದ ಟ್ಯಾಂಕನ್ನು ಹೊತ್ತುಕೊಂಡೇ ಲಾರಿ ತಿರುಪ್ಪೂರಿನ ಆಸ್ಪತ್ರೆಗೆ ಓಡಿತು. ತಿರುವು ಬಂದಾಗೆಲ್ಲ ನೀರು ಒಂದು ಕಡೆಗೆ ವಾಲಿ, ಲಾರಿಯೇ ಮಗುಚಿಬೀಳುವಂತಾಗುತ್ತಿತ್ತು. ಬಾವ ತಮ್ಮನ ಕೈಯನ್ನು ಎದೆಗೆ ಒತ್ತಿಕೊಂಡು, "ಕಣ್ ಮುಚ್ಬೇಡ ತಮ್ಮಾ, ಕಣ್ ಮುಚ್ಬೇಡ" ಎನ್ನುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಹೇಗಾಯಿತೆಂದು ಕೇಳಿದರು. ಬಾವ ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಮೋಟರ್ ಬೆಲ್ಟ್‌ಗೆ ಸಿಕ್ಕಾಕ್ಕೊಂಡ್ತು" ಎಂದು ತಮಿಳಿನಲ್ಲಿ ಹೇಳಿದರು. ನನ್ನ ಕಿವಿಗೂ ಅದೇ ಬೆಲ್ಟ್ ಕಾರಣವಾಯಿತು. ಪೊಲೀಸರು ಬರಲಿಲ್ಲ.

ಕೈ ಉಳಿಯಿತು, ಆದರೆ ನರ ತುಂಡಾಗಿತ್ತು. ಬೆರಳುಗಳು ಮಡಚಲಿಲ್ಲ, ಬರಬರುತ್ತ ಕೈಯೇ ಸೋತು ಜೋತುಬಿತ್ತು. ಅತ್ತೆಯ ಸೊಂಟ ಮುರಿದಿತ್ತು, ಅವರು ಮತ್ತೆ ನೆಟ್ಟಗೆ ನಡೆಯಲಿಲ್ಲ. ನಾವು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಈರುಳ್ಳಿ ಪೈರು ಬೆಂದುಹೋಗಿತ್ತು. ಸನಿಕೆ ಹಿಡಿಯಲಾಗದವನು ಹೊಲದಲ್ಲಿ ಏನು ಮಾಡಬೇಕು? ಬಾವ ಆಮೇಲೆ ನಮ್ಮ ಸರದಿಗೂ ಲಾರಿ ಕರೆಸಿದರು. ನನ್ನ ಗಂಡ ತಡೆಯಲಿಲ್ಲ. ಅತ್ತೆ, ತಾನು ತೋಟ ಬಿಟ್ಟು ಬರುವುದಿಲ್ಲ ಎಂದರು. ಅವರನ್ನು ಅಕ್ಕನ ಬಳಿ ಬಿಟ್ಟು ನಾವು ತಿರುಪ್ಪೂರಿಗೆ ಹೋದೆವು.

ನನ್ನ ಗಂಡನಿಗೆ ಕೆಲಸ ಕೊಡಿಸಿದವನು ಅದೇ ಲಾರಿ ಡ್ರೈವರ್. ನಮ್ಮ ಬಾವಿಯ ನೀರು ಹೋಗುತ್ತಿದ್ದ ಸಾಯಪಟ್ಟರೆಯಲ್ಲಿ ಗೇಟು ಕಾಯುವ ಕೆಲಸ. ಲಾರಿ ಬಂದರೆ ಎಡಗೈಯಿಂದ ಗೇಟು ತೆಗೆಯಬೇಕು, ಹೋದರೆ ಹಾಕಬೇಕು. ಒಳಗಿನಿಂದ ಹೊರಬರುವ ನೀರು ಒಂದು ದಿನ ಕೆಂಪು, ಒಂದು ದಿನ ನೀಲಿ. ನಾನು ಬನಿಯನ್ ಕಂಪನಿಯಲ್ಲಿ ಕೈಮಡಿಗೆ ಸೇರಿದೆ, ಅಂದರೆ ಹೊಲಿಯುವವರ ಎದುರು ಕೂತು ಬಟ್ಟೆ ಮಡಿಸಿ, ಎತ್ತಿಕೊಟ್ಟು, ದಾರ ಕತ್ತರಿಸುವ ಕೆಲಸ. ಕೈ ನಿಧಾನವಾದರೆ ಮೇಸ್ತ್ರಿ ಮರದ ಸ್ಕೇಲಿನಿಂದ ಗೆಣ್ಣಿನ ಮೇಲೆ ಹೊಡೆಯುತ್ತಿದ್ದ. ಹುಡುಗಿಯರೆಲ್ಲರ ಗೆಣ್ಣುಗಳೂ ಊದಿಕೊಂಡಿರುತ್ತಿದ್ದವು.

ಶನಿವಾರ ಸಂಬಳ. ನನ್ನ ಕೈಯಲ್ಲಿ ಅಲ್ಲಿಯವರೆಗೆ ಯಾರೂ ಸಂಬಳ ಇಟ್ಟಿರಲಿಲ್ಲ. ಅಂಬಲಿ ಬಿಟ್ಟು ಮೂರು ಹೊತ್ತೂ ಅಕ್ಕಿ ಅನ್ನ ಉಂಡೆವು, ಭಾನುವಾರ ಮಾಂಸ ತಂದೆವು. ಸುಳ್ಳು ಹೇಳಬಾರದು, ತೋಟದಲ್ಲಿ ಇದ್ದಾಗ ನಾನು ಹೀಗೆ ಉಂಡಿರಲಿಲ್ಲ. ಆದರೆ ನನ್ನ ಸಂಬಳ ಗಂಡನ ಸಂಬಳಕ್ಕಿಂತ ಹೆಚ್ಚಾದ ವಾರದಿಂದ ಅವರು ಹೊಡೆಯತೊಡಗಿದರು. ಬಲಗೈ ಮೇಲೇಳುತ್ತಿರಲಿಲ್ಲ, ಎಡಗೈ ಸಾಕಾಗುತ್ತಿತ್ತು. ಸಾರಿಗೆ ಉಪ್ಪು ಹೆಚ್ಚು, ಬಂದದ್ದು ತಡ, ಮೇಸ್ತ್ರಿ ಏಕೆ ನಕ್ಕ, ಏನಾದರೊಂದು. ಒಂದು ಶನಿವಾರ ನನ್ನ ಹರಿದ ಕಿವಿಯ ಮೇಲೇ ಹೊಡೆದರು, ಹೊಲಿಗೆ ಹಾಕಿದ್ದ ಜಾಗ ಮತ್ತೆ ಬಿಚ್ಚಿತು. ನಾವಿದ್ದದ್ದು ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಲೈನ್ ಮನೆಗಳಲ್ಲಿ, ಗೋಡೆ ತೆಳು. ಎಲ್ಲರಿಗೂ ಕೇಳುತ್ತಿತ್ತು. ಎಲ್ಲರ ಮನೆಯಿಂದಲೂ ನನಗೂ ಕೇಳುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಅಕ್ಕ ಬಂದಳು. ನೀರಿನ ಲಾರಿಯಲ್ಲಿ, ಡ್ರೈವರ್ ಪಕ್ಕದಲ್ಲಿ ಕೂತು ಬಂದಿದ್ದಳು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು, ಬಿಸಿನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಹಗ್ಗದ ಬಾಸುಂಡೆಗಳು.

"ಏನಾಯ್ತು ಅಕ್ಕಾ?"

"ಅತ್ತೆ ತಣ್ಣಿ ಕೇಳಿದ್ರು. ಕೊಡದಲ್ಲಿ ಇರ್ಲಿಲ್ಲ. ಬಾವೀಲಿ ಕೆಸ್ರು. ಪಕ್ಕದ್ ತೋಟಕ್ ಹೋಗಿ ಸವಳು ತಣ್ಣಿ ತಂದ್ ಕೊಟ್ಟೆ, ಅವ್ರು ಉಗುಳಿಬಿಟ್ರು. ಹೊರಗಡೆ ಲಾರಿ ನಿಂತೈತೆ, ತುಂಬಿ ಸುರೀತೈತೆ. ನಂಗೆ ಏನಾಯ್ತೋ. ಮೋಟ್ರು ಮನೆಗೋಗಿ ಫ್ಯೂಸೆಲ್ಲ ಕಿತ್ತು ಬಾವಿಗ್ ಎಸ್ದೆ. ಹಾರೆ ತಗೊಂಡು ಸ್ವಿಚ್ ಪೆಟ್ಟಿಗೆ ಒಡ್ದೆ."

"ಅದಕ್ಕೆ ಹಿಂಗ್ ಹೊಡ್ದ್ರಾ?"

"ಬಾವಿ ಹಗ್ಗ ಇತ್ತಲ್ಲ, ಅದ್ರಲ್ಲೇ." ಅವಳು ಮುರಿದ ಹಲ್ಲಿನ ಜಾಗವನ್ನು ನಾಲಿಗೆಯಿಂದ ಮುಟ್ಟಿಕೊಂಡಳು. ಅದು ನಾನು ಮುರಿದ ಹಲ್ಲು. ಅವಳ ಬೆನ್ನಿಗೆ ನಾನು ಎಣ್ಣೆ ಹಚ್ಚಿದೆ.

ನನ್ನ ಗಂಡ ಕೆಲಸದಿಂದ ಬಂದು ನೋಡಿ, "ನಾಳೆ ಕಳಿಸ್ಬಿಡು. ಅವ್ರ ಮನೆ ವಿಷಯ" ಎಂದರು. ನಾನು ಅಕ್ಕನಿಗೆ ನನ್ನ ಪಕ್ಕದಲ್ಲೇ ಚಾಪೆ ಹಾಸಿದೆ.

ಮರುದಿನ ಭಾನುವಾರ. ಬಾವ ಬೆಳಿಗ್ಗೆಯೇ ಬಂದರು. ಒಳಗೆ ಬಂದವರೇ ಅಕ್ಕನ ತಲೆಗೂದಲು ಹಿಡಿದು ಹೊರಗೆ ಎಳೆದರು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವರು ಬೆರಳುಗಳ ಮೇಲೆ ಚಪ್ಪಲಿ ಕಾಲಿನಿಂದ ಒದ್ದರು. ನನ್ನ ಗಂಡ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತೇ ಇದ್ದರು. ನಾನು ಬಾವನ ಮುಂಗೈ ಹಿಡಿದು ಜೋತುಬಿದ್ದೆ. "ಬಿಡಿ ಬಾವ, ಬಿಟ್ಬಿಡಿ." ಅದುವರೆಗೆ ನಾನು ಅವರ ಎದುರು ನಿಂತು ಮಾತಾಡಿದವಳಲ್ಲ. ಅವರು ನನ್ನನ್ನು ಝಾಡಿಸಿ ಎಸೆದರು. ನನ್ನ ತಲೆ ನೀರಿನ ತೊಟ್ಟಿಗೆ ಬಡಿಯಿತು.

ಭಾನುವಾರವಾದ್ದರಿಂದ ಲೈನಿನ ಹೆಂಗಸರೆಲ್ಲ ಹೊರಗೇ ಇದ್ದರು, ಬಟ್ಟೆ ಒಗೆಯುತ್ತ, ತಲೆ ಬಾಚುತ್ತ. ಎಲ್ಲರೂ ಬನಿಯನ್ ಕಂಪನಿಯವರು. ಯಾರು ಮೊದಲು ಹೊಡೆದರೋ ಗೊತ್ತಿಲ್ಲ. ಒಗೆಯುವ ಕಲ್ಲಿನ ಬಳಿಯಿಂದ ಒಬ್ಬಳು ಒದ್ದೆ ಬಟ್ಟೆ ಹಿಂಡಿದ ಮುದ್ದೆಯನ್ನು ಬಾವನ ಮುಖಕ್ಕೆ ಬೀಸಿದಳು. ಆಮೇಲೆ ಪೊರಕೆ, ಚಪ್ಪಲಿ, ಹಿತ್ತಾಳೆ ಚೊಂಬು. ಅವರು ಹೊಡೆಯುತ್ತಿದ್ದದ್ದು ನನ್ನ ಬಾವನನ್ನು ಮಾತ್ರ ಎಂದು ನನಗೆ ಅನ್ನಿಸಲಿಲ್ಲ. ಒಬ್ಬಳು ಹೊಡೆಯುವಾಗ ಬೇರೆ ಯಾರದೋ ಹೆಸರು ಹಿಡಿದು ಬೈಯುತ್ತಿದ್ದಳು. ಚೊಂಬಿನ ಏಟಿಗೆ ಬಾವನ ಹುಬ್ಬು ಒಡೆಯಿತು. ಅವರು ಬಿದ್ದರು. ಬಿದ್ದ ಮೇಲೂ ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಅವತ್ತು ಒಂದು ಹೆಣ ಬೀಳುತ್ತಿತ್ತು.

ಆಗ ನನ್ನ ಗಂಡ ಎದ್ದು ಬಂದರು. ಹೆಂಗಸರನ್ನು ತಳ್ಳಲು ಅವರಿಗೆ ಇದ್ದದ್ದು ಒಂದೇ ಕೈ. ತಳ್ಳಲಾಗದೆ ಅಣ್ಣನ ಮೇಲೆ ಬೋರಲು ಮಲಗಿಬಿಟ್ಟರು. ಪೊರಕೆಯ ಏಟುಗಳು ಅವರ ಬೆನ್ನಿಗೆ ಬಿದ್ದವು. ಜೋತುಬಿದ್ದ ಆ ಬಲಗೈಯನ್ನು ಎಡಗೈಯಿಂದ ಎಳೆದು ಅಣ್ಣನ ತಲೆಯ ಮೇಲೆ ಇಟ್ಟು ಮುಚ್ಚಿದರು. ಅದನ್ನು ನೋಡಿ ಹೆಂಗಸರು ಒಬ್ಬೊಬ್ಬರಾಗಿ ಸರಿದರು.

ಬಾವ ಎದ್ದು ಕೂತರು. ಹುಬ್ಬಿನ ರಕ್ತ ಕಣ್ಣಿಗೆ ಇಳಿಯುತ್ತಿತ್ತು. "ಬಾ, ಹೋಗಾನ" ಎಂದರು ಅಕ್ಕನಿಗೆ. ಮೆಲ್ಲಗೆ, ಏನೂ ಆಗದವರ ಹಾಗೆ.

"ನಾನ್ ಬರಲ್ಲ," ಎಂದಳು ಅಕ್ಕ. "ಅತ್ತೇನ ಕಳ್ಸಿ. ಇಲ್ಲಿ ಬೀದಿ ನಲ್ಲೀಲಿ ತಣ್ಣಿ ಬತ್ತದೆ."

ಅವರು ಹೋದರು. ಒಂದು ವಾರದೊಳಗೆ ಅತ್ತೆಯನ್ನು ಲಾರಿಯಲ್ಲಿ ಕಳಿಸಿದರು. ಒಂದೇ ಕೋಣೆಯಲ್ಲಿ ನಾಲ್ವರು ಮಲಗಿದೆವು. ಅಕ್ಕ ನನ್ನ ಕಂಪನಿಗೇ ಕೈಮಡಿಗೆ ಸೇರಿದಳು, ಹೊಲಿಗೆ ಕಲಿತು ಬೇಗ ಮೆಷಿನ್ನಿಗೆ ಕೂತಳು.

ಅವತ್ತಿನಿಂದ ನನ್ನ ಗಂಡ ನನ್ನ ಮೇಲೆ ಕೈ ಎತ್ತಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಕಡಿಮೆಯಾಯಿತು. ಕೈ ಎತ್ತಿದಾಗ ಅಕ್ಕ ಎದ್ದು ನಡುವೆ ನಿಲ್ಲುತ್ತಿದ್ದಳು. ಅಣ್ಣನ ಹೆಂಡತಿಗೆ ಹೊಡೆಯಲು ಅವರಿಗೆ ಆಗುತ್ತಿರಲಿಲ್ಲ. ಮಗಳು ಹುಟ್ಟಿದ ಮೇಲೆ ಇನ್ನೂ ಕಡಿಮೆಯಾಯಿತು.

ನಮ್ಮ ಬಾವಿ ಬತ್ತಿತು. ಅಡ್ಡ ಬೋರುಗಳಲ್ಲೂ ನೀರು ನಿಂತುಹೋಯಿತು. ಬಾವನಿಗೆ ಅಷ್ಟರಲ್ಲಿ ಲಾರಿಯವರೆಲ್ಲ ಪರಿಚಯವಾಗಿದ್ದರು. ಊರೂರು ಸುತ್ತಿ ಸಿಹಿನೀರಿನ ಬಾವಿ ಹುಡುಕಿಕೊಡುವ ಕೆಲಸ ಹಿಡಿದರು. ಬೇರೆಯವರ ತೋಟಕ್ಕೆ ಹೋಗಿ ಅಂಗೈಯಲ್ಲಿ ನೀರು ಹಿಡಿದು ಕುಡಿದು ನೋಡುವವರು ಈಗ ಅವರು. ಚೆನ್ನಾಗಿ ಗಳಿಸಿದರು. ನಮ್ಮ ಹೊಲದ ಪಾಲನ್ನೂ ತಾವೇ ಕೊಂಡರು. ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿದರು. ಅತ್ತೆ ಅದನ್ನು ನೋಡಲು ಇರಲಿಲ್ಲ.

ಗೃಹಪ್ರವೇಶಕ್ಕೆ ನಮ್ಮನ್ನೆಲ್ಲ ಕರೆದರು. ನನ್ನ ಗಂಡ ಹೋದರು, ಅಕ್ಕನೂ ಹೋದಳು. ಹೋಗಬೇಡ ಎಂದು ನಾನು ಹೇಳಿದ್ದೆ. ಮಧ್ಯಾಹ್ನ ಉಂಡು, ಸಂಜೆಯ ಬಸ್ಸಿಗೆ ಇಬ್ಬರೂ ಬಂದರು.

"ಹೆಂಗೈತೆ ಅಕ್ಕಾ ಮನೆ?"

"ಚೆನ್ನಾಗೈತೆ. ನೆಲ ಎಲ್ಲ ಮೊಸಾಯಿಕ್. ಕಾಲು ಜಾರ್ತದೆ."

"ಅಲ್ಲೇ ಇರು ಅಂದ್ರಾ?"

"ಅಂದ್ರು." ಅವಳು ಸೀರೆ ಬದಲಿಸುತ್ತಿದ್ದಳು. ಬೆನ್ನಿನ ಮೇಲಿನ ಗೆರೆಗಳು ಬೆಳ್ಳಗಾಗಿದ್ದವು. "ಅಳ್ತಾ ಅಂದ್ರು. ನಾಳೆ ಶಿಫ್ಟ್ ಐತೆ ಅಂತ ಹೇಳಿ ಬಂದೆ."